ಕಲ್ಲಿನ ಊರು ತಾಂಡೂರು

ಮಕ್ಕಳೇ, ಪಾಠ ಓದುವ ಮೊದಲು ಒಮ್ಮೆ ನಿಮ್ಮ ಕಾಲ ಕೆಳಗೆ ನೋಡಿರಿ. ನಿಮ್ಮ ಶಾಲೆಯ ನೆಲಕ್ಕೆ ಯಾವ ಕಲ್ಲು ಹಾಸಿದ್ದಾರೆ? ನಿಮ್ಮ ಮನೆಯ ಅಂಗಳಕ್ಕೆ? ಗುಡಿಯ ಕಟ್ಟೆಗೆ? ನೀಲಿ ಬಣ್ಣದ, ಇಲ್ಲವೆ ನಸು ಹಳದಿ ಬಣ್ಣದ ಚಪ್ಪಟೆ ಕಲ್ಲು ಕಂಡರೆ ಅದು ತಾಂಡೂರು ಸೀಮೆಯಿಂದ ಬಂದಿರಬಹುದು. ಇದನ್ನು ನಮ್ಮ ಕಡೆ ಪರಸಿ ಎನ್ನುತ್ತಾರೆ. ತೆಲುಗಿನಲ್ಲಿ ನಾಪರಾಯಿ ಎನ್ನುತ್ತಾರೆ. ಈ ಕಲ್ಲಿನ ಮೇಲೆ ನೀವು ದಿನವೂ ನಡೆಯುತ್ತೀರಿ, ಕೂತು ಊಟ ಮಾಡುತ್ತೀರಿ. ಈ ಕಲ್ಲು ಎಲ್ಲಿಂದ ಬಂತು, ಅದನ್ನು ಕೊಟ್ಟ ಊರಿನ ಕಥೆ ಏನು ಎಂದು ಈಗ ತಿಳಿಯೋಣ.

ಊರು ಎಲ್ಲಿದೆ?

ತಾಂಡೂರು ತೆಲಂಗಾಣ ರಾಜ್ಯದ ವಿಕಾರಾಬಾದ್ ಜಿಲ್ಲೆಯಲ್ಲಿದೆ. ಹೈದರಾಬಾದಿನಿಂದ ಪಶ್ಚಿಮಕ್ಕೆ ಸುಮಾರು 110 ಕಿಲೋಮೀಟರ್ ದೂರ. ಇದು ಮಂಡಲದ ಕೇಂದ್ರ ಊರು. ಇಲ್ಲಿ ಪುರಸಭೆ ಇದೆ, ರೈಲು ನಿಲ್ದಾಣ ಇದೆ, ದೊಡ್ಡ ಮಾರುಕಟ್ಟೆ ಇದೆ. 2011ರ ಜನಗಣತಿಯ ಪ್ರಕಾರ ಪಟ್ಟಣದಲ್ಲಿ ಸುಮಾರು 65 ಸಾವಿರ ಜನರಿದ್ದರು. ಊರಿನ ಪಶ್ಚಿಮಕ್ಕೆ ಬಶೀರಾಬಾದ್ ಮಂಡಲ. ಅದನ್ನು ದಾಟಿದರೆ ಕರ್ನಾಟಕದ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕು ಬರುತ್ತದೆ. ಹಾಗಾಗಿ ತಾಂಡೂರು ಗಡಿಯ ಊರು.

ಕಲ್ಲು ಹುಟ್ಟಿದ ಬಗೆ

ತಾಂಡೂರಿನ ಕಲ್ಲು ಸುಣ್ಣದ ಕಲ್ಲು. ಐವತ್ತು ಕೋಟಿ ವರ್ಷಗಳಿಗೂ ಹಿಂದಿನ ಮಾತು. ಆಗ ಭೂಮಿಯ ಮೇಲೆ ಮನುಷ್ಯರು ಇರಲಿಲ್ಲ. ದನಕರು ಇರಲಿಲ್ಲ, ಮರಗಳೂ ಇರಲಿಲ್ಲ. ಡೈನೋಸಾರುಗಳು ಹುಟ್ಟುವುದಕ್ಕೆ ಇನ್ನೂ ಬಹಳ ಕಾಲವಿತ್ತು. ಈಗ ತಾಂಡೂರು, ಸೇಡಂ, ಶಹಾಬಾದ್ ಇರುವ ಜಾಗದಲ್ಲಿ ಆಗ ಆಳವಿಲ್ಲದ ಸಮುದ್ರವಿತ್ತು. ಹೌದು, ಸಮುದ್ರ!

ಆ ಸಮುದ್ರದ ತಳದಲ್ಲಿ ಸುಣ್ಣದ ಅಂಶವಿರುವ ನುಣುಪಾದ ಕೆಸರು ನಿಧಾನವಾಗಿ ಕೂಡುತ್ತಿತ್ತು. ಒಂದು ಪದರದ ಮೇಲೆ ಇನ್ನೊಂದು ಪದರ. ಅಮ್ಮ ಒಂದರ ಮೇಲೊಂದು ರೊಟ್ಟಿ ಜೋಡಿಸಿಡುವುದನ್ನು ನೋಡಿದ್ದೀರಲ್ಲ, ಹಾಗೆಯೇ. ಮೇಲಿನ ಪದರಗಳ ಭಾರಕ್ಕೆ ಕೆಳಗಿನ ಪದರಗಳು ಗಟ್ಟಿಯಾದವು. ಕಾಲ ಕಳೆದಂತೆ ಸಮುದ್ರ ಹಿಂದೆ ಸರಿಯಿತು. ಕೆಸರು ಕಲ್ಲಾಗಿ ಉಳಿಯಿತು.

ಪದರ ಪದರವಾಗಿ ಹುಟ್ಟಿದ್ದರಿಂದಲೇ ಈ ಕಲ್ಲು ಪದರ ಪದರವಾಗಿ ಬಿಡುತ್ತದೆ. ಗ್ರಾನೈಟ್ ಬಂಡೆಯನ್ನು ಹೀಗೆ ಹಾಳೆಯಂತೆ ಬಿಡಿಸಲು ಬರುವುದಿಲ್ಲ. ಆದರೆ ಈ ಕಲ್ಲಿನ ಅಂಚಿಗೆ ಉಳಿ ಇಟ್ಟು ಹದವಾಗಿ ಸುತ್ತಿಗೆಯಿಂದ ಹೊಡೆದರೆ ಚಪ್ಪಟೆ ಹಾಸು ಎದ್ದು ಬರುತ್ತದೆ. ಕರ್ನಾಟಕದ ಶಹಾಬಾದ್ ಕಲ್ಲು ಕೂಡ ಇದೇ ಜಾತಿಯದು. ರಾಜಸ್ಥಾನದ ಕೋಟಾ ಕಲ್ಲು, ಆಂಧ್ರಪ್ರದೇಶದ ಕಡಪಾ ಕಲ್ಲು ಸಹ ಸುಣ್ಣದ ಕಲ್ಲುಗಳೇ.

ಖಣಿಯಿಂದ ಮನೆಗೆ

ಕಲ್ಲು ತೆಗೆಯುವ ಜಾಗಕ್ಕೆ ಖಣಿ ಎನ್ನುತ್ತಾರೆ. ಖಣಿಯಲ್ಲಿ ಮೊದಲು ಮೇಲಿನ ಮಣ್ಣನ್ನು ತೆಗೆಯುತ್ತಾರೆ. ಆಗ ಕಲ್ಲಿನ ಹಾಸು ಕಾಣುತ್ತದೆ. ಹಿಂದೆ ಹಾರೆ, ಉಳಿ, ಸುತ್ತಿಗೆಗಳೇ ಕೆಲಸಗಾರರ ಉಪಕರಣಗಳು. ಈಗ ಕಲ್ಲು ಕೊಯ್ಯುವ ಯಂತ್ರಗಳೂ ಬಂದಿವೆ. ಬಿಡಿಸಿದ ಹಾಸುಗಳನ್ನು ಟ್ರ್ಯಾಕ್ಟರ್, ಲಾರಿಗಳಲ್ಲಿ ಪಾಲಿಶ್ ಮಾಡುವ ಜಾಗಕ್ಕೆ ಒಯ್ಯುತ್ತಾರೆ. ಅಲ್ಲಿ ನೀರು ಬಿಡುತ್ತಾ ಯಂತ್ರದಿಂದ ಉಜ್ಜುತ್ತಾರೆ. ಒರಟು ಕಲ್ಲು ನುಣುಪಾಗುತ್ತದೆ. ಅಂಚು ಕತ್ತರಿಸಿ ಚೌಕ ಮಾಡುತ್ತಾರೆ. ಅಲ್ಲಿಂದ ಕಲ್ಲು ದೂರದ ಊರುಗಳಿಗೆ ಹೋಗುತ್ತದೆ.

ತಾಂಡೂರಿನ ಸುತ್ತಲ ಹಳ್ಳಿಗಳಿಗೆ ಹೋದರೆ ಈ ಕಲ್ಲಿನ ಬಳಕೆ ಎಲ್ಲೆಲ್ಲೂ ಕಾಣುತ್ತದೆ. ನೆಲಕ್ಕೆ ಕಲ್ಲು, ಗೋಡೆಗೆ ಕಲ್ಲು, ಮಾಳಿಗೆಗೂ ಕಲ್ಲು. ಹಾಸನ್ನು ನೆಟ್ಟಗೆ ನಿಲ್ಲಿಸಿ ಬೇಲಿ ಮಾಡಿದವರೂ ಇದ್ದಾರೆ. ಬೇಸಿಗೆಯಲ್ಲಿ ಈ ನೆಲದ ಮೇಲೆ ಮಲಗಿದರೆ ಮೈಗೆ ತಂಪು.

ಸಿಮೆಂಟನ್ನೂ ಸುಣ್ಣದ ಕಲ್ಲಿನಿಂದಲೇ ಮಾಡುತ್ತಾರೆ. ಸುಣ್ಣದ ಕಲ್ಲನ್ನೂ ಜೇಡಿಮಣ್ಣನ್ನೂ ಪುಡಿಮಾಡಿ ದೊಡ್ಡ ಕುಲುಮೆಯಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಅದು ಗಟ್ಟಿ ಉಂಡೆಗಳಾಗುತ್ತದೆ. ಅದಕ್ಕೆ ಸ್ವಲ್ಪ ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟ್ ಸಿದ್ಧ. ತಾಂಡೂರಿನ ಹತ್ತಿರ ಕರಣಕೋಟೆಯಲ್ಲಿ ಭಾರತ ಸರ್ಕಾರದ ಸಿಮೆಂಟ್ ನಿಗಮದ ಕಾರ್ಖಾನೆ ಇದೆ. ಈ ಸೀಮೆಯಲ್ಲಿ ಬೇರೆ ಸಿಮೆಂಟ್ ಕಾರ್ಖಾನೆಗಳೂ ಇವೆ.

ಖಣಿಯ ಹತ್ತಿರ ಎಚ್ಚರ

ಮಕ್ಕಳೇ, ಕಲ್ಲು ಸಾವಿರಾರು ಮನೆಗಳಿಗೆ ಅನ್ನ ಕೊಡುತ್ತದೆ. ಆದರೆ ಕಲ್ಲಿನ ಕೆಲಸ ಸುಲಭವಲ್ಲ. ಕಲ್ಲಿನ ಧೂಳು ಉಸಿರಿನೊಂದಿಗೆ ಎದೆಯೊಳಗೆ ಹೋಗುತ್ತದೆ. ವರ್ಷಗಟ್ಟಲೆ ಹೀಗಾದರೆ ಕೆಮ್ಮು, ಉಬ್ಬಸ, ಶ್ವಾಸಕೋಶದ ರೋಗ ಬರುತ್ತವೆ. ಆದ್ದರಿಂದ ಕೆಲಸಗಾರರು ಮೂಗು ಬಾಯಿ ಮುಚ್ಚುವ ಮುಖಗವಸು ಹಾಕಬೇಕು. ಧೂಳು ಏಳದಂತೆ ನೀರು ಚಿಮುಕಿಸಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಕಲ್ಲಿನ ಕೆಲಸಕ್ಕೆ ಹೋಗುತ್ತಿದ್ದರೆ ಈ ಮಾತನ್ನು ಅವರಿಗೆ ಹೇಳಿರಿ.

ಕಲ್ಲು ತೆಗೆದ ಮೇಲೆ ದೊಡ್ಡ ಗುಂಡಿ ಉಳಿಯುತ್ತದೆ. ಮಳೆಗಾಲದಲ್ಲಿ ಅದರಲ್ಲಿ ನೀರು ತುಂಬುತ್ತದೆ. ನೀರು ತಿಳಿಯಾಗಿ, ಹಸಿರಾಗಿ ಚೆಂದ ಕಾಣುತ್ತದೆ. ಅದರ ಆಳ ಮೇಲಿನಿಂದ ಗೊತ್ತಾಗುವುದಿಲ್ಲ. ಕೆರೆಯ ದಡದಂತೆ ಖಣಿಯ ದಡ ಇಳಿಜಾರಾಗಿರುವುದಿಲ್ಲ, ಗೋಡೆಯಂತೆ ನೇರವಾಗಿರುತ್ತದೆ. ಬಿದ್ದವರಿಗೆ ಹತ್ತಿ ಬರಲು ದಾರಿ ಇರುವುದಿಲ್ಲ. ಆದ್ದರಿಂದ ಈಜಲು, ಬಟ್ಟೆ ಒಗೆಯಲು, ದನಕ್ಕೆ ನೀರು ಕುಡಿಸಲು ಖಣಿಗೆ ಹೋಗಬೇಡಿರಿ. ಗೆಳೆಯರು ಕರೆದರೂ ಹೋಗಬೇಡಿರಿ. ಅವರನ್ನೂ ತಡೆಯಿರಿ. ಯಾರಾದರೂ ನೀರಿಗೆ ಬಿದ್ದರೆ ನೀವೂ ಹಾರಬೇಡಿರಿ. ಗಟ್ಟಿಯಾಗಿ ಕೂಗಿ ದೊಡ್ಡವರನ್ನು ಕರೆಯಿರಿ. ಹಗ್ಗ, ಸೀರೆ, ಉದ್ದನೆಯ ಕೋಲು, ಸಿಕ್ಕಿದ್ದನ್ನು ದಡದಿಂದಲೇ ಚಾಚಿರಿ.

ಇನ್ನೊಂದು ಮಾತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಖಣಿಯ ಕೆಲಸಕ್ಕೆ ಹಚ್ಚುವುದು ಅಪರಾಧ. ಅಪಾಯದ ಕೆಲಸಕ್ಕೆ ಹದಿನೆಂಟು ವರ್ಷದವರೆಗೂ ಕಳಿಸಬಾರದು ಎಂದು ಕಾನೂನು ಹೇಳುತ್ತದೆ. ನಿಮ್ಮ ಜೊತೆಗಾರ ಶಾಲೆ ಬಿಟ್ಟು ಕಲ್ಲಿನ ಕೆಲಸಕ್ಕೆ ಹೋಗುತ್ತಿದ್ದರೆ ನಿಮ್ಮ ಗುರುಗಳಿಗೆ ತಿಳಿಸಿರಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ರೈಲು ಬಂತು

ಕಲ್ಲು ಭಾರವಾದ ವಸ್ತು. ಅದನ್ನು ದೂರಕ್ಕೆ ಸಾಗಿಸಲು ಎತ್ತಿನ ಬಂಡಿ ಸಾಲದು. ತಾಂಡೂರು ಬೆಳೆಯಲು ರೈಲು ದೊಡ್ಡ ಕಾರಣವಾಯಿತು.

1871ರ ಹೊತ್ತಿಗೆ ಮುಂಬಯಿಯಿಂದ ಹೊರಟ ರೈಲು ಹಳಿ ಗುಲಬರ್ಗಾ, ವಾಡಿಗಳ ಮೂಲಕ ರಾಯಚೂರಿಗೆ ಬಂದಿತ್ತು. ಆದರೆ ಅದು ಹೈದರಾಬಾದಿಗೆ ಬಂದಿರಲಿಲ್ಲ. ಆಗ ಹೈದರಾಬಾದ್ ಸಂಸ್ಥಾನದ ದಿವಾನರು ಮೊದಲನೆಯ ಸಾಲಾರ್ ಜಂಗ್. ನಿಜಾಮರು ಮೀರ್ ಮಹಬೂಬ್ ಅಲಿ ಖಾನ್. ನಿಮಗೆ ಆಶ್ಚರ್ಯವಾಗಬಹುದು, ಹೈದರಾಬಾದಿನಿಂದ ವಾಡಿಗೆ ರೈಲು ಹಾದಿ ಸಿದ್ಧವಾದ 1874ರಲ್ಲಿ ಆ ನಿಜಾಮರಿಗೆ ಕೇವಲ ಎಂಟು ವರ್ಷ! ಅಂದರೆ ನಿಮ್ಮಷ್ಟೇ ವಯಸ್ಸು. ಅವರ ಪರವಾಗಿ ದಿವಾನರು ರಾಜ್ಯಭಾರ ನಡೆಸುತ್ತಿದ್ದರು.

ಆ ರೈಲು ಹಾದಿ ತಾಂಡೂರಿನ ಮೇಲೆ ಹಾದು ಹೋಯಿತು. ಇಂದಿಗೂ ಅದೇ ಹಾದಿಯಲ್ಲಿ ರೈಲುಗಳು ಓಡುತ್ತವೆ. ಹೈದರಾಬಾದ್ ಕಡೆಯಿಂದ ಬಂದರೆ ವಿಕಾರಾಬಾದ್ ಆದ ಮೇಲೆ ತಾಂಡೂರು. ಮುಂದೆ ನಾವಂದ್ಗಿ. ಆಮೇಲೆ ಕರ್ನಾಟಕದ ಕುರಕುಂಟಾ, ಸೇಡಂ, ಮಳಖೇಡ ರಸ್ತೆ, ಚಿತ್ತಾಪುರ, ಕೊನೆಗೆ ವಾಡಿ. ಈ ದಾರಿಯಲ್ಲಿ ಹೋಗುವಾಗ ಕಿಟಕಿಯ ಹತ್ತಿರ ಕೂತು ನಿಲ್ದಾಣಗಳ ಹಳದಿ ಹಲಗೆಗಳನ್ನು ಓದಿರಿ. ಗಡಿಯ ಈಚೆ ತೆಲುಗು ಅಕ್ಷರ ಕಾಣುತ್ತದೆ. ಗಡಿಯ ಆಚೆ ಕನ್ನಡ ಅಕ್ಷರ ಕಾಣುತ್ತದೆ. ಹೊಲ, ಕಲ್ಲು, ಜಾಲಿಮರ ಮಾತ್ರ ಎರಡೂ ಕಡೆ ಒಂದೇ ತೆರನಾಗಿವೆ.

ಮನೆ ಒಂದೇ, ವಿಳಾಸ ಐದು

ಈಗ ಒಂದು ಒಗಟು. ತಾಂಡೂರಿನಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ ಎಂದುಕೊಳ್ಳಿರಿ. ಅವರು ಹುಟ್ಟಿದ್ದು, ಬೆಳೆದಿದ್ದು, ಈಗ ಇರುವುದು ಎಲ್ಲವೂ ಒಂದೇ ಮನೆಯಲ್ಲಿ. ಆದರೂ 1956ರಿಂದ ಈಚೆಗೆ ಅವರ ವಿಳಾಸ ಐದು ಬಗೆಯಾಗಿದೆ. ಅದು ಹೇಗೆ?

ಉತ್ತರ ಇಲ್ಲಿದೆ:

1956ರ ಅಕ್ಟೋಬರ್ 31ರವರೆಗೆ: ಹೈದರಾಬಾದ್ ರಾಜ್ಯ, ಗುಲಬರ್ಗಾ ಜಿಲ್ಲೆ.
1956ರ ನವೆಂಬರ್ 1ರಿಂದ: ಆಂಧ್ರಪ್ರದೇಶ, ಹೈದರಾಬಾದ್ ಜಿಲ್ಲೆ.
1978ರಿಂದ: ಆಂಧ್ರಪ್ರದೇಶ, ರಂಗಾರೆಡ್ಡಿ ಜಿಲ್ಲೆ.
2014ರ ಜೂನ್ 2ರಿಂದ: ತೆಲಂಗಾಣ, ರಂಗಾರೆಡ್ಡಿ ಜಿಲ್ಲೆ.
2016ರ ಅಕ್ಟೋಬರ್ 11ರಿಂದ: ತೆಲಂಗಾಣ, ವಿಕಾರಾಬಾದ್ ಜಿಲ್ಲೆ.

ನೋಡಿದಿರಾ? ಮನೆ ಒಂದು ಗೇಣೂ ಸರಿಯಲಿಲ್ಲ. ಗೆರೆಗಳು ಸರಿದವು.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿದು ಹೈದರಾಬಾದ್ ಭಾರತದಲ್ಲಿ ಸೇರಿತು. ಆ ರಾಜ್ಯದಲ್ಲಿ ತೆಲುಗು, ಮರಾಠಿ, ಕನ್ನಡ, ಉರ್ದು ಆಡುವ ಜನರಿದ್ದರು. ಮುಂದೆ, ಒಂದು ಭಾಷೆ ಆಡುವ ಜನರೆಲ್ಲ ಒಂದು ರಾಜ್ಯದಲ್ಲಿರಲಿ ಎಂಬ ಬೇಡಿಕೆ ದೇಶದಲ್ಲೆಲ್ಲ ಎದ್ದಿತು. ಇದನ್ನು ವಿಚಾರಿಸಲು ಭಾರತ ಸರ್ಕಾರ 1953ರಲ್ಲಿ ಫಜಲ್ ಅಲಿ ಅವರ ಅಧ್ಯಕ್ಷತೆಯಲ್ಲಿ ಒಂದು ಆಯೋಗ ನೇಮಿಸಿತು. ಕೊನೆಗೆ 1956ರ ನವೆಂಬರ್ 1ರಂದು ಹೊಸ ರಾಜ್ಯಗಳು ಬಂದವು. ಗುಲಬರ್ಗಾ, ಬೀದರ್, ರಾಯಚೂರು ಜಿಲ್ಲೆಗಳ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೆ ಹೋಯಿತು. 1973ರಲ್ಲಿ ಆ ರಾಜ್ಯದ ಹೆಸರು ಕರ್ನಾಟಕ ಎಂದಾಯಿತು.

ಆದರೆ ಗಡಿಯ ಊರುಗಳಲ್ಲಿ ಗೆರೆ ಎಳೆಯುವುದು ಸುಲಭವೇ? ಒಂದೇ ಓಣಿಯಲ್ಲಿ ಒಬ್ಬರ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಎದುರು ಮನೆಯಲ್ಲಿ ಉರ್ದು. ಗೆರೆ ಎಲ್ಲಿ ಎಳೆದರೂ ಕೆಲವರು ಆಚೆ, ಕೆಲವರು ಈಚೆ ಉಳಿಯುತ್ತಾರೆ. ಹಾಗೆ ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳೂ ಬಂದವು.

ಜಹೀರಾಬಾದ್, ನಾರಾಯಣಖೇಡ್ ಕಡೆಯ ಮಕ್ಕಳೇ, ನಿಮ್ಮ ಊರುಗಳ ಕಥೆಯೂ ಇದೇ. ಅವು ಬೀದರ್ ಜಿಲ್ಲೆಯಲ್ಲಿದ್ದವು. ಅದೇ ದಿನ ಮೆದಕ್ ಜಿಲ್ಲೆಗೆ ಸೇರಿದವು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಮತ್ತು ಅದರ ಸುತ್ತಿನ ಹಳ್ಳಿಗಳು ಮಾತ್ರ ಬೀದರ್ ಜಿಲ್ಲೆಯಲ್ಲೇ ಉಳಿದವು. 2016ರಿಂದ ಜಹೀರಾಬಾದ್, ನಾರಾಯಣಖೇಡ್ ಎರಡೂ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ.

ಹೊಸ ರಾಜ್ಯಗಳು ಹುಟ್ಟಿದ 1956ರಲ್ಲೇ ನಮ್ಮ ಸಂವಿಧಾನಕ್ಕೆ ಒಂದು ಹೊಸ ವಿಧಿ ಸೇರಿತು. ಅದು 350ಎ ವಿಧಿ. ಒಂದು ರಾಜ್ಯದಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಭಾಷೆಯ ಮಕ್ಕಳಿಗೂ ಪ್ರಾಥಮಿಕ ಹಂತದಲ್ಲಿ ಅವರ ತಾಯಿನುಡಿಯಲ್ಲಿ ಪಾಠ ಹೇಳುವ ಅನುಕೂಲ ಮಾಡಿಕೊಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ಮಕ್ಕಳೇ, ನಿಮ್ಮ ಕೈಯಲ್ಲಿರುವ ಈ ಪುಸ್ತಕವನ್ನೇ ನೋಡಿರಿ. ಇದು ಕನ್ನಡ ಪುಸ್ತಕ. ಇದನ್ನು ಅಚ್ಚು ಮಾಡಿಸಿದ್ದು ತೆಲಂಗಾಣ ಸರ್ಕಾರ. ಇದು ಯಾರೋ ಕೊಟ್ಟ ಬಳುವಳಿಯಲ್ಲ, ನಿಮ್ಮ ಹಕ್ಕು. ಆ ಹಕ್ಕು ಉಳಿಯಬೇಕಾದರೆ ನೀವು ಶಾಲೆಗೆ ಬರಬೇಕು, ಪುಸ್ತಕ ತೆರೆಯಬೇಕು, ಓದಬೇಕು.

ಗಡಿ ದಾಟುವ ಹೊಳೆ

ತಾಂಡೂರಿನ ಹತ್ತಿರ ಒಂದು ಹೊಳೆ ಹರಿಯುತ್ತದೆ. ತೆಲಂಗಾಣದಲ್ಲಿ ಅದನ್ನು ಕಾಗ್ನಾ ಎನ್ನುತ್ತಾರೆ. ಕರ್ನಾಟಕದಲ್ಲಿ ಕಾಗಿಣಾ ಎನ್ನುತ್ತಾರೆ. ಬೇಸಿಗೆಯಲ್ಲಿ ಅದು ಸೊರಗುತ್ತದೆ. ಮಳೆಗಾಲದಲ್ಲಿ ಮೈದುಂಬಿ ಹರಿಯುತ್ತದೆ.

ವಿಕಾರಾಬಾದಿನ ಬಳಿ ಅನಂತಗಿರಿ ಬೆಟ್ಟಗಳಿವೆ. ಆ ಬೆಟ್ಟಗಳ ಸೀಮೆಯಲ್ಲಿ ಎರಡು ನದಿಗಳು ಹುಟ್ಟುತ್ತವೆ. ಒಂದು ಮೂಸಿ. ಅದು ಪೂರ್ವಕ್ಕೆ ಹರಿದು ಹೈದರಾಬಾದ್ ನಗರದ ನಡುವೆ ಹೋಗುತ್ತದೆ. ಇನ್ನೊಂದು ಕಾಗಿಣಾ. ಅದು ಪಶ್ಚಿಮಕ್ಕೆ ಹರಿದು ತಾಂಡೂರನ್ನು ದಾಟಿ ಕರ್ನಾಟಕಕ್ಕೆ ಹೋಗುತ್ತದೆ. ಜಗಳವಾಡಿದ ಅಕ್ಕ ತಂಗಿಯರಂತೆ ಇವು ಬೇರೆ ಬೇರೆ ದಿಕ್ಕು ಹಿಡಿಯುತ್ತವೆ.

ಕಾಗಿಣಾ ಸೇಡಂ ತಾಲ್ಲೂಕಿನಲ್ಲಿ ಹರಿದು ಮಳಖೇಡಕ್ಕೆ ಬರುತ್ತದೆ. ಹೊಳೆಯ ದಡದಲ್ಲಿ ಹಳೆಯ ಕೋಟೆ ಇದೆ. ಮಳಖೇಡದ ಹಳೆಯ ಹೆಸರು ಮಾನ್ಯಖೇಟ. ಅದು ರಾಷ್ಟ್ರಕೂಟ ಅರಸರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಅವನ ಆಸ್ಥಾನದಲ್ಲಿ ಸುಮಾರು 850ರಲ್ಲಿ ‘ಕವಿರಾಜಮಾರ್ಗ’ ಎಂಬ ಗ್ರಂಥ ಹುಟ್ಟಿತು. ಕನ್ನಡದಲ್ಲಿ ಇಂದು ದೊರೆಯುವ ಗ್ರಂಥಗಳಲ್ಲಿ ಅದೇ ಅತ್ಯಂತ ಹಳೆಯದು. ಅಂದರೆ ತಾಂಡೂರಿನ ಬಳಿ ಹರಿಯುವ ನೀರೇ ಮುಂದೆ ಕನ್ನಡದ ಮೊದಲ ಗ್ರಂಥ ಹುಟ್ಟಿದ ಊರನ್ನು ಮುಟ್ಟುತ್ತದೆ.

ಮುಂದೆ ಕಾಗಿಣಾ ಹೊನಗುಂಟಾದ ಬಳಿ ಭೀಮಾ ನದಿಯನ್ನು ಸೇರುತ್ತದೆ. ಭೀಮಾ ದಕ್ಷಿಣಕ್ಕೆ ಹರಿದು ಕರ್ನಾಟಕ ಮತ್ತು ತೆಲಂಗಾಣಗಳ ಗಡಿಯಲ್ಲಿ ಕೃಷ್ಣಾ ನದಿಯನ್ನು ಕೂಡುತ್ತದೆ. ನಾರಾಯಣಪೇಟೆ ಜಿಲ್ಲೆಯ ತಂಗಿಡಿ ಕಡೆಯ ಮಕ್ಕಳಿಗೆ ಈ ಸಂಗಮ ಚೆನ್ನಾಗಿ ಗೊತ್ತು. ಹೀಗೆ ತೆಲಂಗಾಣದಿಂದ ಹೊರಟ ನೀರು ಕರ್ನಾಟಕವನ್ನು ಸುತ್ತಿ ಮತ್ತೆ ತೆಲಂಗಾಣಕ್ಕೆ ಬರುತ್ತದೆ. ಮೂಸಿಯೂ ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಕೃಷ್ಣೆಯನ್ನೇ ಸೇರುತ್ತದೆ. ಬೆನ್ನು ತಿರುಗಿಸಿ ಹೋದ ಅಕ್ಕ ತಂಗಿಯರು ಕೊನೆಗೆ ಒಂದೇ ಮನೆಗೆ ಬಂದರು!

ಊಟದ ತಟ್ಟೆಯಲ್ಲಿ ತಾಂಡೂರು

ತಾಂಡೂರಿಗೆ ಕಲ್ಲಿನಷ್ಟೇ ಹೆಸರು ತಂದ ಇನ್ನೊಂದು ವಸ್ತು ತೊಗರಿ. ಕನ್ನಡದಲ್ಲಿ ತೊಗರಿ, ತೆಲುಗಿನಲ್ಲಿ ಕಂದಿ, ಉರ್ದುವಿನಲ್ಲಿ ತುವರ್. ಹೆಸರು ಮೂರು, ಬೇಳೆ ಒಂದೇ.

ಮಳೆ ಶುರುವಾದ ಮೇಲೆ ಜೂನ್, ಜುಲೈ ತಿಂಗಳಲ್ಲಿ ತೊಗರಿ ಬಿತ್ತುತ್ತಾರೆ. ಚಳಿಗಾಲದಲ್ಲಿ ಕಾಯಿ ಬಲಿಯುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ ಹಸಿ ತೊಗರಿಕಾಯಿ ಸುಲಿದು ತಿಂದಿದ್ದೀರಲ್ಲವೇ? ಅದೇ ಗಿಡ. ತೊಗರಿಯ ಬೇರು ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಮಳೆ ತುಸು ಕಡಿಮೆಯಾದರೂ ಗಿಡ ತಡೆದುಕೊಳ್ಳುತ್ತದೆ. ಅದರ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಆ ಗಂಟುಗಳಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಅವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಹೀಗೆ ತೊಗರಿ ಬೆಳೆದ ಹೊಲದ ಮಣ್ಣು ಫಲವತ್ತಾಗುತ್ತದೆ. ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಬೆಳೆಯುವ ಮಕ್ಕಳಿಗೆ ಅದು ಬಹಳ ಬೇಕು.

ತಾಂಡೂರಿನ ಕಪ್ಪು ನೆಲದಲ್ಲಿ ಬೆಳೆದ ತೊಗರಿಗೆ ಒಳ್ಳೆಯ ರುಚಿ. ಬೇಳೆ ಚೆನ್ನಾಗಿ ಬೇಯುತ್ತದೆ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ತೊಗರಿ, ಕುಸುಬೆ ಬೆಳೆಗಳ ಬಗ್ಗೆ ಸಂಶೋಧನೆ ನಡೆಯುತ್ತದೆ. ಒಂದು ಊರಿನ ಮಣ್ಣು, ಹವೆ, ಜನರ ದುಡಿಮೆಯಿಂದ ಒಂದು ವಸ್ತುವಿಗೆ ವಿಶೇಷ ಗುಣ ಬಂದಿದ್ದರೆ ಅದಕ್ಕೆ ಸರ್ಕಾರ ‘ಭೌಗೋಳಿಕ ಸೂಚಕ’ ಎಂಬ ಗುರುತು ಕೊಡುತ್ತದೆ. ಬೇರೆ ಊರಿನವರು ಆ ಹೆಸರನ್ನು ತಮ್ಮ ಮಾಲಿಗೆ ಹಚ್ಚಿ ಮಾರುವಂತಿಲ್ಲ. ದಾರ್ಜಿಲಿಂಗ್ ಚಹಾ, ಮೈಸೂರು ರೇಷ್ಮೆ, ಪೋಚಂಪಲ್ಲಿ ಇಕ್ಕತ್ ಬಟ್ಟೆಗೆ ಈ ಗುರುತು ಇದೆ. ತಾಂಡೂರು ತೊಗರಿಗೆ 2022ರ ಡಿಸೆಂಬರಿನಲ್ಲಿ ಈ ಗುರುತು ದೊರೆಯಿತು. ಇದಕ್ಕಾಗಿ ಅರ್ಜಿ ಹಾಕಿದ್ದು ಪಕ್ಕದ ಯಾಲಾಲ್ ಮಂಡಲದ ರೈತರ ಸಂಸ್ಥೆ. ಗಡಿಯಾಚೆಯ ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲೇ ಈ ಗುರುತು ಬಂದಿತ್ತು. ನೆರೆಹೊರೆಯ ಎರಡು ಊರು, ಎರಡಕ್ಕೂ ಒಂದೇ ಬೆಳೆಯಿಂದ ಹೆಸರು.

ಜಾತ್ರೆ ಮತ್ತು ಮಾತು

ತಾಂಡೂರಿನಲ್ಲಿ ಭಾವಿಗಿ ಭದ್ರೇಶ್ವರ ಸ್ವಾಮಿಯ ಗುಡಿ ಇದೆ. ಪ್ರತಿ ವರ್ಷ ಬೇಸಿಗೆಯಲ್ಲಿ ಇಲ್ಲಿ ಜಾತ್ರೆ ನಡೆಯುತ್ತದೆ. ತೇರು ಎಳೆಯುತ್ತಾರೆ. ಕರ್ನಾಟಕದ ಊರುಗಳಿಂದಲೂ ಜನ ಬರುತ್ತಾರೆ. ಬೆಂಡು ಬತ್ತಾಸು, ಬಳೆ, ಆಟಿಕೆಗಳ ಅಂಗಡಿಗಳ ಮುಂದೆ ನಿಂತರೆ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಕಿವಿಗೆ ಬೀಳುತ್ತವೆ. ಬಳೆಗಾರ ಕನ್ನಡದಲ್ಲಿ ದರ ಹೇಳುತ್ತಾನೆ. ಕೊಳ್ಳುವವರು ತೆಲುಗಿನಲ್ಲಿ ಚೌಕಾಸಿ ಮಾಡುತ್ತಾರೆ. ಇಬ್ಬರಿಗೂ ಅರ್ಥವಾಗುತ್ತದೆ!

ಗಡಿ ಊರಿನ ಮಕ್ಕಳಿಗೆ ಚಿಕ್ಕಂದಿನಲ್ಲೇ ಎರಡು ಮೂರು ಭಾಷೆಗಳು ಬರುತ್ತವೆ. ಇದು ದೊಡ್ಡ ಸಂಪತ್ತು. ‘ನಿನ್ನ ಕನ್ನಡದಲ್ಲಿ ತೆಲುಗು ಬೆರೆತಿದೆ’ ಎಂದು ಯಾರಾದರೂ ನಕ್ಕರೆ ನಾಚಬೇಡಿರಿ. ಮನೆಯಲ್ಲಿ ಅಜ್ಜಿಯ ಜೊತೆ ಅಜ್ಜಿಯ ಕನ್ನಡ ಆಡಿರಿ. ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿಯಿರಿ. ಗೆಳೆಯರೊಂದಿಗೆ ತೆಲುಗು, ಉರ್ದು ಆಡಿರಿ. ಒಂದನ್ನು ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ನಾವು ಉಳಿಸಬೇಕಾದದ್ದು

ಮಕ್ಕಳೇ, ಕೊನೆಗೆ ಒಂದು ವಿಚಾರ. ತೊಗರಿಯನ್ನು ಈ ವರ್ಷ ಕೊಯ್ದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಕಲ್ಲು ಹಾಗಲ್ಲ. ಐವತ್ತು ಕೋಟಿ ವರ್ಷಗಳ ಹಿಂದೆ ಹುಟ್ಟಿದ ಕಲ್ಲನ್ನು ಒಮ್ಮೆ ತೆಗೆದರೆ ಅದು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಕಲ್ಲನ್ನು ಹಿತಮಿತವಾಗಿ ಬಳಸಬೇಕು. ಒಡೆದ ಚೂರುಗಳನ್ನೂ ಕೆಲಸಕ್ಕೆ ತರಬೇಕು. ಪಾಲಿಶ್ ಮಾಡಿದ ಕೆಸರು ನೀರು ಹೊಳೆಗೆ, ಹೊಲಕ್ಕೆ ಸೇರದಂತೆ ನೋಡಿಕೊಳ್ಳಬೇಕು.

ಭಾಷೆ ತೊಗರಿಯಂತೆ. ಬಿತ್ತಿದರೆ ಬೆಳೆಯುತ್ತದೆ, ಬಿತ್ತದಿದ್ದರೆ ಬೀಜವೂ ಉಳಿಯುವುದಿಲ್ಲ. ನಿಮ್ಮ ಊರಿನ ಹಾಡು, ಗಾದೆ, ಕಥೆಗಳು ಹಿರಿಯರ ನೆನಪಿನಲ್ಲಿವೆ. ಇಂದು ಸಂಜೆ ಮನೆಗೆ ಹೋಗಿ ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೇಳಿರಿ: ‘ಅಜ್ಜಿ, ನೀವು ಚಿಕ್ಕವರಿದ್ದಾಗ ನಮ್ಮ ಊರು ಹೇಗಿತ್ತು?’ ಅವರು ಹೇಳಿದ್ದನ್ನು ನಿಮ್ಮ ನೋಟು ಪುಸ್ತಕದಲ್ಲಿ ಬರೆದಿಡಿರಿ. ನಿಮ್ಮ ಊರಿನ ಚರಿತ್ರೆಯ ಮೊದಲ ಪುಟ ಅದೇ ಆಗಬಹುದು.

ಪದಗಳ ಅರ್ಥ

ಸೀಮೆ – ಪ್ರದೇಶ
ಪರಸಿ – ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು
ಖಣಿ – ಕಲ್ಲು ತೆಗೆಯುವ ಜಾಗ, ಗಣಿ
ಹಾರೆ – ನೆಲ ಅಗೆಯುವ, ಕಲ್ಲು ಎಬ್ಬಿಸುವ ಕಬ್ಬಿಣದ ಸಲಾಕೆ
ದಿವಾನ – ಸಂಸ್ಥಾನದ ಮುಖ್ಯ ಮಂತ್ರಿ
ಸಂಗಮ – ನದಿಗಳು ಕೂಡುವ ಸ್ಥಳ
ಬಳುವಳಿ – ಉಡುಗೊರೆ
ಚೌಕಾಸಿ – ದರ ಕಡಿಮೆ ಮಾಡಲು ಕೇಳುವುದು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ತಾಂಡೂರು ಯಾವ ಜಿಲ್ಲೆಯಲ್ಲಿದೆ?
2. ಹೈದರಾಬಾದಿನಿಂದ ವಾಡಿಗೆ ರೈಲು ಹಾದಿ ಯಾವ ವರ್ಷ ಸಿದ್ಧವಾಯಿತು?
3. ಮಾನ್ಯಖೇಟ ಯಾವ ಹೊಳೆಯ ದಡದಲ್ಲಿದೆ?
4. ತಾಂಡೂರು ತೊಗರಿಗೆ ಭೌಗೋಳಿಕ ಸೂಚಕ ಯಾವಾಗ ದೊರೆಯಿತು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ತಾಂಡೂರಿನ ಕಲ್ಲು ಹಾಸು ಹಾಸಾಗಿ ಏಕೆ ಬಿಡುತ್ತದೆ?
2. ನೀರು ತುಂಬಿದ ಖಣಿ ಕೆರೆಗಿಂತ ಏಕೆ ಹೆಚ್ಚು ಅಪಾಯ?
3. ಮನೆ ಬದಲಾಗದಿದ್ದರೂ ಅಜ್ಜಿಯ ವಿಳಾಸ ಹೇಗೆ ಬದಲಾಯಿತು?
4. ಸಂವಿಧಾನದ 350ಎ ವಿಧಿ ಏನು ಹೇಳುತ್ತದೆ?

ಇ) ಬಿಟ್ಟ ಸ್ಥಳ ತುಂಬಿರಿ.
1. ಮೂಸಿ ಪೂರ್ವಕ್ಕೆ ಹರಿದರೆ ಕಾಗಿಣಾ ________ಕ್ಕೆ ಹರಿಯುತ್ತದೆ.
2. ಸಿಮೆಂಟನ್ನು ________ ಕಲ್ಲಿನಿಂದ ಮಾಡುತ್ತಾರೆ.
3. ನಾರಾಯಣಖೇಡ್ 1956ಕ್ಕೆ ಮೊದಲು ________ ಜಿಲ್ಲೆಯಲ್ಲಿತ್ತು.

ಈ) ಮಾಡಿ ನೋಡಿರಿ.
ಪರಸಿ ಕಲ್ಲಿನ ಒಂದು ಚೂರನ್ನು ಇನ್ನೊಂದು ಕಲ್ಲಿಗೆ ಉಜ್ಜಿ ಸ್ವಲ್ಪ ಪುಡಿ ಮಾಡಿರಿ. ಪುಡಿಯ ಮೇಲೆ ನಿಂಬೆರಸ ಹಿಂಡಿರಿ. ಸಣ್ಣ ಗುಳ್ಳೆಗಳು ಬಂದವೇ? ಸುಣ್ಣದ ಕಲ್ಲಿಗೆ ಹುಳಿ ತಾಗಿದರೆ ಇಂಗಾಲದ ಡೈ ಆಕ್ಸೈಡ್ ಅನಿಲ ಹೊರಡುತ್ತದೆ. ಗುಳ್ಳೆ ಬರಲು ಅದೇ ಕಾರಣ. ಈಗ ಗ್ರಾನೈಟ್ ಪುಡಿಯ ಮೇಲೂ ಹಿಂಡಿ ನೋಡಿರಿ. ಏನು ವ್ಯತ್ಯಾಸ ಕಂಡಿತು?

ಉ) ಕೇಳಿ ಬರೆಯಿರಿ.
1. ಕಲ್ಲು, ನೀರು, ಮನೆ, ಹೊಲ, ಬೇಳೆ – ಈ ಪದಗಳಿಗೆ ತೆಲುಗು, ಉರ್ದುವಿನಲ್ಲಿ ಏನೆನ್ನುತ್ತಾರೆ? ಮೂರು ಸಾಲು ಮಾಡಿ ಬರೆಯಿರಿ.
2. 1956ರಿಂದ ಇಂದಿನವರೆಗೆ ನಿಮ್ಮ ಊರು ಯಾವ ಯಾವ ರಾಜ್ಯ, ಜಿಲ್ಲೆಗಳಲ್ಲಿತ್ತು? ಹಿರಿಯರನ್ನು ಕೇಳಿ ಪಟ್ಟಿ ಮಾಡಿರಿ.
3. ನಿಮ್ಮ ಊರಿನ ಹೆಸರುವಾಸಿ ಸ್ಥಳವೊಂದರ ಬಗ್ಗೆ ಹತ್ತು ವಾಕ್ಯ ಬರೆದು ತರಗತಿಯಲ್ಲಿ ಓದಿರಿ.